ಕಾಫಿ ತೋಟದ ಕೆಳಗೆ ಚಿನ್ನ, ತಾಮ್ರ ಇದೆ ಅಂದಾಗ: ಕೊಡಗಿನ ಒಂದು ಸರ್ವೆಯ ಪ್ರಕರಣ

ಇದು ದಕ್ಷಿಣ ಕೊಡಗಿನ ಒಂದು ಕಾಫಿ ತೋಟದಲ್ಲಿ ನಡೆದದ್ದು. ಮನೆಯವರ ಒಪ್ಪಿಗೆ ತಗೊಂಡೇ ಬರೀತಿದೀನಿ, ಊರು, ಮನೆತನ, ತೋಟದ ಅಳತೆ ಯಾವುದೂ ಹೇಳಲ್ಲ, ಗುರುತು ಸಿಗೋ ಕೆಲವು ವಿವರ ಬದಲಾಯಿಸಿದೀನಿ. ಸರ್ವೆಯಲ್ಲಿ ಕಂಡದ್ದು ಮತ್ತು ಯಾವ ಹಂತದಲ್ಲಿ ಯಾವ ನಿರ್ಧಾರ ಆಯ್ತು ಅನ್ನೋದನ್ನ ಮಾತ್ರ ಹಾಗೇ ಇಟ್ಟಿದೀನಿ. ನಾನು ಭೂಭೌತಿಕ ಸರ್ವೆ ಕೆಲಸ ಮಾಡೋನು, ಮೊದ್ಲು ರಾಯಚೂರು, ಚಿತ್ರದುರ್ಗದ ಕಡೆ ಖನಿಜ ಹುಡುಕೋ ತಂಡಗಳ ಜೊತೆ ಇದ್ದೆ, ಈಗ ಜಾಸ್ತಿ ನೀರಿನ ಸರ್ವೆ. "ನಮ್ಮ ತೋಟದಲ್ಲಿ ಚಿನ್ನ ಇದೆಯಂತೆ, ನೋಡ್ತೀರಾ" ಅನ್ನೋ ಫೋನು ಆಗಾಗ ಬರುತ್ತೆ, ಪ್ರತಿಯೊಬ್ಬರಿಗೂ ಹತ್ತು ನಿಮಿಷದಲ್ಲಿ ಇದನ್ನೆಲ್ಲ ಹೇಳೋಕೆ ಆಗಲ್ಲ, ಅದಕ್ಕೆ ಪೂರ್ತಿಯಾಗಿ ಒಂದು ಕಡೆ ಬರೆದಿಡ್ತಿದೀನಿ.

ಹಿನ್ನೆಲೆ

ತೋಟ ಅಂದ್ರೆ ರೋಬಸ್ಟಾ, ಸಿಲ್ವರ್ ಓಕ್ ಮೇಲೆ ಕಾಳುಮೆಣಸು, ಕೆಳಗಡೆ ಸ್ವಲ್ಪ ಗದ್ದೆ, ಮೇಲೆ ಬಾಣೆ (ಗದ್ದೆ ಜೊತೆಗೆ ಬಂದ, ಗುಡ್ಡದ ಮೇಲಿನ ಮರಗಿಡದ ಜಾಗ). ಬಾಣೆ ಆಚೆ ಕಾಡು. ಕೂಡು ಆಸ್ತಿ, ಅಣ್ಣತಮ್ಮಂದಿರು ಮತ್ತು ಅವರ ಮಕ್ಕಳ ಹೆಸರೆಲ್ಲ ಆರ್‌ಟಿಸಿಯಲ್ಲಿದೆ, ನೋಡ್ಕೊಳ್ಳೋರು ಹಿರಿಯ ಯಜಮಾನ್ರು, ಲೆಕ್ಕಪತ್ರ ಅವರ ಮಗಳದ್ದು. ಫೆಬ್ರವರಿ, ಮಾರ್ಚಲ್ಲಿ ಹೂಮಳೆ ಕೈಕೊಟ್ರೆ ಸ್ಪ್ರಿಂಕ್ಲರ್ ಹಾಕ್ಬೇಕು, ಕೆರೆ ನೀರು ಸಾಲ್ತಿರಲಿಲ್ಲ, ಅದಕ್ಕೆ ಬೋರ್‌ವೆಲ್ ಯೋಚನೆ ಮಾಡಿ ಒಬ್ಬ ನೀರಿನ ಸರ್ವೆಯವರನ್ನ ಕರೆಸಿದ್ರು. ಅವರು ತೆಂಗಿನಕಾಯಿ ಹಿಡಿದು ನೋಡೋರಲ್ಲ, ಸರಿಯಾದ ಮಿಷನ್ ಇದ್ದೋರು. ಸಾಲಾಗಿ ಕಬ್ಬಿಣದ ಗೂಟ ಹೊಡೆದು ಕರೆಂಟ್ ಬಿಟ್ಟು ನೆಲದ ಅಡಿಯ ರೆಸಿಸ್ಟಿವಿಟಿ, ಅಂದ್ರೆ ಕರೆಂಟಿಗೆ ಎಷ್ಟು ಅಡ್ಡಿ ಅಂತ ಅಳೆದು, ಬಣ್ಣಬಣ್ಣದ ಒಂದು ಚಿತ್ರ ಕೊಟ್ಟು ಹೋದ್ರು. ಅವರ ಮಿಷನ್‌ಗೆ ಐಪಿ ಅಂದ್ರೆ ಇಂಡ್ಯೂಸ್ಡ್ ಪೋಲರೈಸೇಷನ್ ಅಳೆಯೋ ಸೌಲಭ್ಯವೂ ಇತ್ತು, ಅದನ್ನೂ ಆನ್ ಮಾಡಿಟ್ಟಿದ್ರು. ಇಡೀ ಪ್ರಕರಣ ಶುರುವಾಗಿದ್ದು ಅಲ್ಲಿಂದ.

ಚಿತ್ರದಲ್ಲಿ ಬಾಣೆ ಕೆಳಗೆ ಒಂದು ಗಾಢ ನೀಲಿ ಪಟ್ಟಿ ಇತ್ತು, ಅಂದ್ರೆ ಕರೆಂಟ್ ಸುಲಭವಾಗಿ ಹರಿಯೋ ಜಾಗ. ನೀರಿನವರು "ಇಲ್ಲಿ ಒಳ್ಳೆ ನೀರಿರಬೋದು" ಅಂದ್ರು. ಅದೇ ಚಿತ್ರ ವಾಟ್ಸಾಪಲ್ಲಿ ಮನೆಯೊಳಗೆಲ್ಲ ಓಡಾಡಿ, ಯಜಮಾನ್ರ ತಮ್ಮನ ಮಗನ ಪರಿಚಯದ ಒಬ್ಬ ಏಜೆಂಟಿನ ಕೈಗೆ ಸಿಕ್ತು. ಆತ ಕೈಯಲ್ಲಿ ಹಿಡಿಯೋ ಒಂದು ಸ್ಕ್ಯಾನರ್ ತಗೊಂಡು ಬಂದ, ಹಿಡಿಕೆಗೆ ಸಿಕ್ಕಿಸಿದ ಆಂಟೆನಾ ತಿರುಗುತ್ತೆ, ಮೇಲೆ ಲೈಟು ಮಿನುಗುತ್ತೆ, ಎರಡು ಕಿಲೋಮೀಟರ್ ದೂರದ ಚಿನ್ನಾನೂ ತೋರ್ಸುತ್ತೆ ಅಂತ ಆತನ ಮಾತು. ಹಾಗೆ ದೂರದಿಂದ ಚಿನ್ನ ಹಿಡಿಯೋ ಕೈಮಿಷನ್ನು ಪ್ರಪಂಚದಲ್ಲಿ ಯಾವ ಗಣಿ ಕಂಪನಿಯ ಹತ್ರಾನೂ ಇಲ್ಲ. ನೆಲದಲ್ಲಿ ಹೂತ ನಾಣ್ಯ ಹುಡುಕೋ ಮೆಟಲ್ ಡಿಟೆಕ್ಟರ್ ನಿಜವಾದ ವಸ್ತು, ಆದ್ರೆ ಅದು ಕೆಲಸ ಮಾಡೋದು ಕೆಲವೇ ಅಡಿ ಆಳಕ್ಕೆ. ಆಂಟೆನಾ ತಿರುಗೋದು ಹಿಡಿದ ಕೈ ಓರೆ ಆದಾಗ ಅಷ್ಟೆ.

ಸ್ಕ್ಯಾನರ್ ಒಂದೇ ಆಗಿದ್ರೆ ಯಜಮಾನ್ರು ಅವನನ್ನ ಕಾಫಿ ಕುಡಿಸಿ ಕಳಿಸಿಬಿಡ್ತಿದ್ರು. ಆದ್ರೆ ಏಜೆಂಟ್ ಜೊತೆಗೆ ಮೂರು "ಸಾಕ್ಷಿ" ಜೋಡಿಸಿದ್ದ. ಹಳೇ ಬಾವಿ ಹತ್ರ ತೆಗೆದ ಕಲ್ಲು ಬಿಸಿಲಿಗೆ ಹಳದಿಯಾಗಿ ಹೊಳೀತಿತ್ತು, ಅದನ್ನ ಪೇಟೆಯ ಒಂದು ಚಿನ್ನದಂಗಡೀಲಿ ಕ್ಯಾರೆಟ್ ಮೀಟರಲ್ಲಿ ಇಟ್ಟಾಗ ಚೀಟಿಯಲ್ಲಿ ಚಿನ್ನದ ಶೇಕಡಾವಾರು ಬಂದಿತ್ತು. ತೋಟದ ಮಣ್ಣು ಲ್ಯಾಬಿಗೆ ಕಳಿಸಿದ್ದ, ತಾಮ್ರ ಜಾಸ್ತಿ ಅಂತ ರಿಪೋರ್ಟು, ಆ ಲ್ಯಾಬ್ ನಿಜವಾದದ್ದೇ, ರಿಪೋರ್ಟೂ ಸರಿಯಾದದ್ದೇ. ಇನ್ನು ಮೂರನೇದು ಆ ನೀಲಿ ಪಟ್ಟಿ. ಮೂರನ್ನೂ ಸೇರಿಸಿ "ಮೇಲೆ ತಾಮ್ರ, ಕೆಳಗೆ ಚಿನ್ನ, ಜೆಸಿಬಿ ತರಿಸಿ ಬಾಣೆ ಬುಡದಲ್ಲಿ ಟ್ರೆಂಚ್ ಹೊಡೆಯೋಣ, ಗಣಿ ಲೀಸ್ ನಿಮ್ಮ ಹೆಸರಿಗೆ ಮಾಡಿಸಿಕೊಡ್ತೀನಿ" ಅಂದ. ಅದಕ್ಕೆ ಮುಂಗಡವಾಗಿ ಕೆಲವು ಲಕ್ಷ, ಸ್ಟಾಂಪ್ ಪೇಪರಲ್ಲಿ ಒಪ್ಪಂದ.

ಮಗಳು ನನಗೆ ಫೋನ್ ಮಾಡಿದ್ದು ಜೆಸಿಬಿ ಬರೋಕೆ ಒಂದು ವಾರ ಮುಂಚೆ.

ಮೊದಲ ನಿರ್ಧಾರ: ಜೆಸಿಬಿ ನಿಲ್ಲಿಸೋದು

ಚಿನ್ನ ಇದೆಯೋ ಇಲ್ವೋ ಅನ್ನೋ ಪ್ರಶ್ನೆಗೆ ಹೋಗೋ ಮುಂಚೆ ಎರಡು ವಿಷಯ ಹೇಳಿದೆ. ಒಂದು, ಕಾನೂನು. ಚಿನ್ನ, ತಾಮ್ರ ಎರಡೂ 1957ರ ಗಣಿ ಮತ್ತು ಖನಿಜ ಕಾಯ್ದೆ ಅಡಿ ಬರೋ ಪ್ರಧಾನ ಖನಿಜಗಳು, ಪರವಾನಗಿ ಇಲ್ದೆ ಗಣಿ ಮಾಡೋದು ಬಿಡಿ, ಹುಡುಕೋಕೂ ಹಾಗಿಲ್ಲ. ಕರ್ನಾಟಕ ಭೂಕಂದಾಯ ಕಾಯ್ದೆ ಪ್ರಕಾರ ಜಮೀನು ನಮ್ಮದಾದ್ರೂ ಕೆಳಗಿನ ಖನಿಜದ ಹಕ್ಕು ಸರ್ಕಾರದ್ದು. 2015ರ ತಿದ್ದುಪಡಿ ಆದ್ಮೇಲೆ ಇಂಥ ಲೀಸ್ ಹರಾಜಲ್ಲೇ ಸಿಗೋದು, 2023ರಲ್ಲಿ ಚಿನ್ನ, ತಾಮ್ರ ಸೇರಿ 29 ಖನಿಜಗಳಿಗೆ ಅಂತ ಹೊಸದಾಗಿ ಶೋಧನಾ ಪರವಾನಗಿ ತಂದ್ರು, ಅದೂ ಹರಾಜೇ. ಹಾಗಿರುವಾಗ ಏಜೆಂಟ್ ಒಬ್ಬ "ನಿಮ್ಮ ಹೆಸರಿಗೆ ಲೀಸ್ ಮಾಡಿಸ್ತೀನಿ" ಅಂದ್ರೆ ಅವನ ಹತ್ರ ಇಲ್ಲದ್ದನ್ನ ಮಾರ್ತಿದಾನೆ ಅಂತಲೇ ಅರ್ಥ.

ಎರಡನೇದು ಗುಡ್ಡ. 2018ರ ಆಗಸ್ಟಲ್ಲಿ ಮಡಿಕೇರಿ ಸುತ್ತಮುತ್ತ ಗುಡ್ಡ ಕುಸಿದು ಏನಾಯ್ತು ಅಂತ ಕೊಡಗಿನವರಿಗೆ ನಾನು ಹೇಳಬೇಕಾಗಿಲ್ಲ. ಇಳಿಜಾರಿನ ಬುಡ ಕಡಿದು ಅಡ್ಡ ಟ್ರೆಂಚ್ ಹೊಡೆದು, ಅದು ಮುಚ್ಚೋ ಮುಂಚೆ ಮಳೆಗಾಲ ಬಂದ್ರೆ ನೀರೆಲ್ಲ ಅಲ್ಲೇ ಇಂಗಿ ಮೇಲಿನ ಮಣ್ಣು ಜಾರುತ್ತೆ. ಬಯಲುಸೀಮೆಯಲ್ಲಿ ಟ್ರೆಂಚ್ ಹೊಡೆಯೋದು ಖನಿಜ ಶೋಧನೆಯಲ್ಲಿ ಮಾಮೂಲಿ ಕೆಲಸ, ಇಲ್ಲಿ ಅದೇ ಕೆಲಸ ಕೆಳಗಿರೋ ಕೆಲಸಗಾರರ ಲೈನ್ ಮನೆಗಳ ಮೇಲೆ ಬರಬೋದು. ಯಜಮಾನ್ರು ಕಾನೂನಿನ ಮಾತಿಗಿಂತ ಈ ಮಾತಿಗೆ ತಲೆ ಆಡಿಸಿದ್ರು. "ಜೆಸಿಬಿ ಬೇಡ, ಮುಂದಿಂದು ಆಮೇಲೆ ನೋಡುವಾ" ಅಂದ್ರು. ನನ್ನ ಪ್ರಕಾರ ಇಡೀ ಪ್ರಕರಣದಲ್ಲಿ ದೊಡ್ಡ ತಿರುವು ಇದೇ. ಆಮೇಲೆ ನಾವು ಮಾಡಿದ್ದೆಲ್ಲ ತಪ್ಪಾದ್ರೂ ಸರಿಮಾಡ್ಕೋಬೋದಾಗಿತ್ತು, ಕಡಿದ ಗುಡ್ಡ ಹಾಗಲ್ಲ.

ಹಾಗಾಗಿ ನಾವು ಮಾಡಿದ್ದು ಚಿನ್ನದ ಶೋಧನೆ ಅಲ್ಲ, ಅದಕ್ಕೆ ನಮಗೆ ಅಧಿಕಾರವೂ ಇಲ್ಲ. ಮನೆಯವರಿಗೆ ಬೇಕಿದ್ದ ಬೋರ್‌ವೆಲ್ ಸರ್ವೆ ಮತ್ತು ಮಣ್ಣಿನ ಪರೀಕ್ಷೆಯನ್ನ ಸರಿಯಾಗಿ ಮಾಡೋದು, ಆಗ ಏಜೆಂಟಿನ ಮೂರು ಸಾಕ್ಷಿಗೂ ಉತ್ತರ ತಾನಾಗೇ ಸಿಗುತ್ತೆ ಅಂತ ಮಾತಾಯ್ತು.

ಹೊಳೆಯೋ ಕಲ್ಲು

ಇದು ಬೇಗ ಮುಗಿದ ಭಾಗ. ಲೆನ್ಸ್ ಹಿಡಿದು ನೋಡಿದ್ರೆ ಕಲ್ಲಲ್ಲಿ ಹೊಳೀತಿದ್ದದ್ದು ಹಾಳೆಹಾಳೆಯಾಗಿ ಬಿಡಿಸ್ಕೊಳ್ಳೋ ಕಾಗೆಬಂಗಾರ, ಕಪ್ಪು ಅಭ್ರಕ ಮಳೆಗೆ ಕೊಳೆತು ಹಳದಿ ತಿರುಗಿದ್ದು. ಸೂಜಿ ಚುಚ್ಚಿದ್ರೆ ಪುಡಿಪುಡಿ. ಚಿನ್ನ ಆಗಿದ್ರೆ ಸೂಜಿಗೆ ತಗ್ಗು ಬೀಳುತ್ತೆ, ಒಡೆಯಲ್ಲ. ಒಂದೆರಡು ಕಲ್ಲಲ್ಲಿ ಪೈರೈಟ್ (ಕಬ್ಬಿಣ, ಗಂಧಕ ಸೇರಿದ ಹಳದಿ ಹೊಳಪಿನ ಖನಿಜ) ಕಣ ಕೂಡ ಇತ್ತು, ಒರಟು ಬಿಳಿ ಟೈಲ್ಸ್ ಹಿಂಭಾಗಕ್ಕೆ ತಿಕ್ಕಿದ್ರೆ ಪೈರೈಟಿನ ಗೆರೆ ಹಸಿರುಮಿಶ್ರ ಕಪ್ಪು, ಚಿನ್ನದ ಗೆರೆ ಚಿನ್ನದ್ದೇ ಬಣ್ಣ. ಇಷ್ಟು ಪರೀಕ್ಷೆ ಯಾರಾದ್ರೂ ಮನೇಲೇ ಮಾಡ್ಬೋದು.

ಕ್ಯಾರೆಟ್ ಮೀಟರ್ ಚೀಟಿ ಮಾತ್ರ ಸ್ವಲ್ಪ ಬಿಡಿಸಿ ಹೇಳ್ಬೇಕಾಯ್ತು, ಯಾಕಂದ್ರೆ ತಮ್ಮನ ಮಗ ಅದನ್ನ ಜೇಬಲ್ಲೇ ಇಟ್ಕೊಂಡಿದ್ದ. ಆ ಮಿಷನ್ ಎಕ್ಸ್‌ರೇ ಬಿಟ್ಟು ವಾಪಸ್ ಬರೋ ಕಿರಣ ನೋಡಿ ಲೋಹ ಗುರುತಿಸುತ್ತೆ, ಒಡವೆಗೆ ಅಂತಲೇ ತಯಾರಾದದ್ದು. ಒಳಗೆ ಇಟ್ಟದ್ದು ಚಿನ್ನ, ಬೆಳ್ಳಿ, ತಾಮ್ರ, ಸತುವಿನ ಮಿಶ್ರಲೋಹವೇ ಅಂತ ಅಂದ್ಕೊಂಡು ಎಲ್ಲ ಸೇರಿ 100 ಆಗೋ ಹಾಗೆ ಲೆಕ್ಕ ಹಾಕುತ್ತೆ. ಕಲ್ಲಿನ ಬಹುಪಾಲು ಸಿಲಿಕಾನ್, ಅಲ್ಯೂಮಿನಿಯಂ, ಆಮ್ಲಜನಕ, ಅದರ ಲೆಕ್ಕದಲ್ಲಿ ಅವು ಇಲ್ಲವೇ ಇಲ್ಲ, ಉಳಿದ ಚೂರುಪಾರು ಸಂಕೇತವನ್ನೇ 100ಕ್ಕೆ ಹಿಗ್ಗಿಸಿ ಪ್ರಿಂಟ್ ಕೊಡುತ್ತೆ. ಸತು, ಆರ್ಸೆನಿಕ್ ಥರದವು ಚಿನ್ನದ ಗೆರೆಯ ಪಕ್ಕದಲ್ಲೇ ಬಂದು ಗೊಂದಲ ಮಾಡೋದೂ ಇದೆ. ನಾವು ಅದೇ ಅಂಗಡಿಗೆ ರಸ್ತೆಬದಿಯ ಜಲ್ಲಿಕಲ್ಲು ತಗೊಂಡು ಹೋದ್ವಿ, ಅದಕ್ಕೂ "ಚಿನ್ನ" ಬಂತು. ಹುಡುಗ ಅವತ್ತಿಂದ ಚೀಟಿ ಮಾತು ಎತ್ತಲಿಲ್ಲ.

ತಾಮ್ರ ಎಲ್ಲಿಂದ ಬಂತು

ನಂಗೆ ಇಡೀ ಪ್ರಕರಣದಲ್ಲಿ ಬಹಳ ಕಲಿಸಿದ್ದು ಇದು, ಕೊಡಗಿನ ಪ್ರತಿ ತೋಟಕ್ಕೂ ಅನ್ವಯಿಸೋದೂ ಇದೇ.

ಮಣ್ಣಲ್ಲಿ ತಾಮ್ರ ಇದೆ ಅನ್ನೋ ರಿಪೋರ್ಟ್ ಸುಳ್ಳಲ್ಲ. ಭೂಮಿಯ ಮೇಲ್ಪದರದ ಬಂಡೆಯಲ್ಲಿ ಮಾಮೂಲಾಗಿ ಕೆಲವು ಹತ್ತು ಪಿಪಿಎಂ ತಾಮ್ರ ಇರುತ್ತೆ, ಅಂದ್ರೆ ಟನ್ನಿಗೆ ಕೆಲವು ಹತ್ತು ಗ್ರಾಂ. ಈ ಮಣ್ಣಲ್ಲಿ ನೂರಾರು ಇತ್ತು. ಚಿತ್ರದುರ್ಗದ ಇಂಗಳದಾಳು ಕಡೆ ಇಂಥ ಸಂಖ್ಯೆ ಬಂದಿದ್ರೆ ನಾನೇ ಮೊದಲು ಓಡಿಹೋಗಿ ಮತ್ತೆ ಸ್ಯಾಂಪಲ್ ತೆಗೀತಿದ್ದೆ, ಅಲ್ಲಿ ತಾಮ್ರದ ಗಣಿಯೇ ಇತ್ತು. ಇಲ್ಲಿ ಮೊದಲು ಕೇಳಿದ್ದು ತೋಟದ ಕೆಲಸ ನೋಡ್ಕೊಳ್ಳೋ ರೈಟರನ್ನ: "ಬೋರ್ಡೋ ಎಷ್ಟು ವರ್ಷದಿಂದ ಹೊಡೀತಿದೀರಿ?"

ಕಾಫಿಗೆ ಕೊಳೆರೋಗ, ಎಲೆ ತುಕ್ಕು, ಮೆಣಸಿಗೆ ಸೊರಗು ರೋಗ, ಎಲ್ಲದಕ್ಕೂ ನಮ್ಮಲ್ಲಿ ಅಜ್ಜಂದಿರ ಕಾಲದಿಂದ ಬೋರ್ಡೋ. ಶೇ 1ರ ದ್ರಾವಣ ಅಂದ್ರೆ 100 ಲೀಟರಿಗೆ 1 ಕೆಜಿ ಮೈಲುತುತ್ತ, 1 ಕೆಜಿ ಸುಣ್ಣ. ಮೈಲುತುತ್ತದಲ್ಲಿ ಕಾಲುಭಾಗ ತಾಮ್ರ. ಒಂದು ಎಕರೆಗೆ 200 ಲೀಟರಿನ ಎರಡು ಬ್ಯಾರಲ್ ಹೊಡೆದ್ರೆ 4 ಕೆಜಿ ಮೈಲುತುತ್ತ, ಅಂದ್ರೆ 1 ಕೆಜಿ ತಾಮ್ರ ನೆಲಕ್ಕೆ ಹೋಯ್ತು. ಎಕರೆಯ ಮೇಲಿನ ಅರ್ಧ ಅಡಿ ಮಣ್ಣು ಸುಮಾರು 700 ಟನ್ ತೂಗುತ್ತೆ, ಹಾಗಾಗಿ ಒಂದು ಸಲದ ಸ್ಪ್ರೇಗೆ ಒಂದೂವರೆ ಪಿಪಿಎಂ ಹತ್ರ ಏರುತ್ತೆ. ವರ್ಷಕ್ಕೆ ಎರಡು ಸಲ, 40 ವರ್ಷ ಹಾಕಿ ನೋಡಿ, 100 ದಾಟುತ್ತೆ. ತಾಮ್ರ ಎಲೆಕೊಳೆತ ಕಪ್ಪು ಮಣ್ಣಿಗೆ ಅಂಟ್ಕೊಂಡು ಕೂರೋ ಗುಣದ್ದು, ಮಳೆಗೆ ಸುಲಭವಾಗಿ ಕೆಳಗೆ ಇಳಿಯಲ್ಲ. ದ್ರಾವಣ ಕಲಸೋ ತೊಟ್ಟಿ ಹತ್ರ ಚೆಲ್ಲಿದ್ದು, ಡ್ರಮ್ ತೊಳೆದದ್ದು ಸೇರಿದ್ರೆ ಇನ್ನೂ ಎಷ್ಟೋ ಪಾಲು.

ಏಜೆಂಟ್ ಮಣ್ಣು ತೆಗೆದ ಜಾಗ ಎಲ್ಲಿ ಅಂತ ತೋರಿಸಿ ಅಂದ್ರೆ, ಹಳೇ ಬಾವಿ ಪಕ್ಕ, ಮಿಶ್ರಣದ ತೊಟ್ಟಿಯಿಂದ ಕೂಗಳತೆ ಕೂಡ ಇಲ್ಲ. ಬಾವಿಕಟ್ಟೆ ಕಲ್ಲಿನ ಮೇಲಿದ್ದ ನೀಲಿಹಸಿರು ಕಲೆಯೂ ಅದರದ್ದೇ.

ಆದ್ರೂ ಬಾಯಿಮಾತಲ್ಲಿ ಹೇಳಿ ಬಿಡೋದು ಸರಿಯಲ್ಲ, ಅಳೆದು ತೋರಿಸ್ಬೇಕು. ಕೆಳಗಿನ ಬಂಡೆಯಿಂದ ಬಂದ ತಾಮ್ರ ಆಗಿದ್ರೆ ಆಳಕ್ಕೆ ಹೋದಂಗೆ ಜಾಸ್ತಿ ಆಗ್ಬೇಕು ಅಥ್ವಾ ಹಾಗೇ ಇರ್ಬೇಕು, ಮೇಲಿಂದ ಬಿದ್ದದ್ದಾದ್ರೆ ಕೆಳಗೆ ಹೋದಂಗೆ ಕಮ್ಮಿ ಆಗ್ಬೇಕು. ಕೈ ಆಗರಿನಲ್ಲಿ (ಕೈಯಲ್ಲಿ ತಿರುಗಿಸಿ ಮಣ್ಣು ಕೊರೆದು ತೆಗೆಯೋ ಸಾಧನ) ಮೇಲ್ಮಣ್ಣು, ಒಂದಡಿ, ಮೂರಡಿ, ಆರಡಿ ಹೀಗೆ ತೆಗೆದ್ವಿ, ತೊಟ್ಟಿ ಹತ್ರ, ತೋಟದ ಮಧ್ಯ, ಮತ್ತೆ ಯಾವತ್ತೂ ಸ್ಪ್ರೇ ಕಾಣದ ಬಾಣೆ ಮೇಲೆ. ಒಂದು ಸಣ್ಣ ಎಚ್ಚರಿಕೆ ಹೇಳ್ತೀನಿ: ಸೆಲ್ಫ್ ಪೊಟೆನ್ಷಿಯಲ್ (ಎಸ್‌ಪಿ, ನೆಲದಲ್ಲಿ ತಾನಾಗೇ ಹುಟ್ಟೋ ಸಣ್ಣ ವೋಲ್ಟೇಜ್ ಅಳೆಯೋ) ಸರ್ವೆಗೆ ನಾವು ಬಳಸೋ ಮಣ್ಣಿನ ಕುಡಿಕೆಯಂಥ ಎಲೆಕ್ಟ್ರೋಡ್ ಒಳಗೆ ತುಂಬಿರೋದೂ ಮೈಲುತುತ್ತದ ನೀರೇ, ಅದು ಜಿನುಗುತ್ತೆ, ಹಾಗಾಗಿ ಮಣ್ಣಿನ ಸ್ಯಾಂಪಲ್ ಎಲ್ಲ ಮುಗಿಯೋ ತನಕ ಆ ಕುಡಿಕೆಗಳನ್ನ ಜೀಪಿಂದ ಇಳಿಸಲಿಲ್ಲ.

ಫಲಿತಾಂಶ ಯಾರಿಗೂ ಅನುಮಾನ ಉಳಿಸಲಿಲ್ಲ. ತೊಟ್ಟಿ ಹತ್ರ ಮೇಲ್ಮಣ್ಣಲ್ಲಿ ವಿಪರೀತ, ಮೂರಡಿಗೆ ಬರೋವಷ್ಟರಲ್ಲಿ ಬಿದ್ದುಹೋಗಿತ್ತು. ತೋಟದ ಮಧ್ಯ ಮೇಲ್ಮಣ್ಣಲ್ಲಿ ನೂರರ ಮೇಲೆ, ಕೆಳಗೆ ಮಾಮೂಲಿ. ಬಾಣೆಯಲ್ಲಿ ಮೇಲೂ ಮಾಮೂಲಿ, ಕೆಳಗೂ ಮಾಮೂಲಿ.

ನೀಲಿ ಪಟ್ಟಿ

ಇದು ಕಷ್ಟದ ಭಾಗ, ಯಾಕಂದ್ರೆ ಇಲ್ಲಿ ನಿಜವಾಗಿಯೂ ನೆಲದಡಿ ಏನೋ ಇತ್ತು.

ಮೊದ್ಲು ನೀರಿನ ಸರ್ವೆಯವರಿಂದ ಬಣ್ಣದ ಚಿತ್ರ ಬಿಟ್ಟು ಮೂಲ ಡೇಟಾ ಫೈಲ್ ಕೇಳಿ ತಗೊಂಡೆ. ಚಿತ್ರದ ಬಣ್ಣ ಅನ್ನೋದು ಸಾಫ್ಟ್‌ವೇರಲ್ಲಿ ಆರಿಸಿಕೊಂಡದ್ದು, ಸ್ಕೇಲ್ ಬದಲಾಯಿಸಿದ್ರೆ ಇಡೀ ತೋಟ ನೀಲಿ ಮಾಡ್ಬೋದು, ಕೆಂಪೂ ಮಾಡ್ಬೋದು. ಫೈಲಲ್ಲಿ ಪ್ರತಿ ಅಳತೆಯ ಎರರ್ ಎಷ್ಟು, ಗೂಟಕ್ಕೂ ಮಣ್ಣಿಗೂ ಸಂಪರ್ಕ ಹೇಗಿತ್ತು, ಕರೆಂಟ್ ನಿಲ್ಲಿಸಿದ ಮೇಲೆ ವೋಲ್ಟೇಜ್ ಹೇಗೆ ಇಳೀತು ಎಲ್ಲ ಇರುತ್ತೆ. ಐಪಿ ಅಂದ್ರೆ ಅದೇ: ಕರೆಂಟ್ ಬಿಟ್ಟು ಥಟ್ ಅಂತ ನಿಲ್ಲಿಸಿದಾಗ ವೋಲ್ಟೇಜ್ ಕೂಡಲೇ ಸೊನ್ನೆ ಆಗದೆ ನಿಧಾನಕ್ಕೆ ಇಳಿದ್ರೆ, ಕೆಳಗೆ ಚಾರ್ಜ್ ಹಿಡಿದಿಡೋ ಕಣಗಳಿವೆ ಅಂತ ಅರ್ಥ. ಪೈರೈಟ್, ತಾಮ್ರದ ಸಲ್ಫೈಡ್ (ಗಂಧಕದ ಜೊತೆ ಸೇರಿದ ಲೋಹ) ಕಣ, ಗ್ರಾಫೈಟ್ (ಪೆನ್ಸಿಲ್ ಕಡ್ಡಿಯ ಇಂಗಾಲ) ಇವೆಲ್ಲ ಹಾಗೆ ಮಾಡ್ತವೆ. ನೀರು ತುಂಬಿದ ಬಿರುಕು ಅಷ್ಟಾಗಿ ಮಾಡಲ್ಲ. ಚಿನ್ನವನ್ನ ನೇರವಾಗಿ ನೋಡೋ ಭೂಭೌತಿಕ ವಿಧಾನ ಯಾವುದೂ ಇಲ್ಲ, ಟನ್ನಿಗೆ ಕೆಲವೇ ಗ್ರಾಂ ಇರೋ ಲೋಹ ಯಾವ ಮೀಟರಿಗೂ ಕಾಣಲ್ಲ. ಹಟ್ಟಿಯಲ್ಲೂ ಅಷ್ಟೆ, ಸರ್ವೆ ಹುಡುಕೋದು ಚಿನ್ನದ ಜೊತೆ ಬರೋ ಸಲ್ಫೈಡನ್ನ, ಅದು ಕೂತಿರೋ ಬಿರುಕು, ಬಂಡೆ ಜರುಗಿ ನಜ್ಜಾದ ಶಿಯರ್ ಪಟ್ಟಿಗಳನ್ನ.

ಫೈಲ್ ನೋಡಿದಾಗ ಲೈನಿನ ಅರ್ಧ ಭಾಗದ ಎರರ್ ಜಾಸ್ತಿ ಇತ್ತು. ಸ್ಥಳಕ್ಕೆ ಹೋದ್ರೆ ಕಾರಣ ಕಣ್ಣೆದುರೇ, ಲೈನ್ ಹಾಕಿದ್ದು ಆನೆಗೆ ಹಾಕಿದ ಸೋಲಾರ್ ಬೇಲಿ ಪಕ್ಕದಲ್ಲೇ. ಆ ಬೇಲಿ ಹೆಚ್ಚುಕಡಿಮೆ ಸೆಕೆಂಡಿಗೊಂದು ಪಲ್ಸ್ ಬಿಡುತ್ತೆ, ನಮ್ಮ ಐಪಿ ಮಿಷನ್ ಎರಡು ಸೆಕೆಂಡ್ ಆನ್, ಎರಡು ಸೆಕೆಂಡ್ ಆಫ್ ಮಾಡಿ ಆಫ್ ಹೊತ್ತಲ್ಲಿ ಮಿಲಿವೋಲ್ಟ್ ಅಳೀತಾ ಕೂತಿರುತ್ತೆ, ಮಧ್ಯೆ ಬೇಲಿಯ ಸಾವಿರಾರು ವೋಲ್ಟಿನ ಪಲ್ಸ್ ನುಗ್ಗಿದ್ರೆ ಓದಿದ್ದೆಲ್ಲ ಕಸ. ಕೊಡಗಲ್ಲಿ ಸರ್ವೆ ಮಾಡೋರು ದಯವಿಟ್ಟು ಮೊದ್ಲು ಬೇಲಿ ಕೇಳಿ. ಹಗಲು ಹೊತ್ತು, ಆನೆ ಇಲ್ಲ ಅಂತ ಖಾತ್ರಿ ಮಾಡ್ಕೊಂಡು, ಅಕ್ಕಪಕ್ಕದ ತೋಟದವರಿಗೂ ಹೇಳಿ ಬೇಲಿ ಆಫ್ ಮಾಡಿಸಿ, ಬೇಲಿಗೆ ಅಡ್ಡವಾಗಿ, ದೂರದಲ್ಲಿ ಹೊಸ ಲೈನ್‌ಗಳನ್ನ ಹಾಕಿದ್ವಿ. ಮೇಲ್ಗಡೆ ಇದ್ದ ಎಷ್ಟೋ ನೀಲಿ ಚುಕ್ಕೆಗಳು ಮಾಯ ಆದ್ವು. ಆದ್ರೆ ಆಳದ ಪಟ್ಟಿ ಹೋಗಲಿಲ್ಲ, ಇನ್ನೂ ಚೊಕ್ಕವಾಗಿ ಕಂಡಿತು. ಸುತ್ತಲಿನ ಗಟ್ಟಿ ಬಂಡೆ ಸಾವಿರಾರು ಓಮ್-ಮೀಟರ್ ಇದ್ರೆ ಅಲ್ಲಿ 20ಕ್ಕಿಂತ ಕೆಳಗೆ, ಐಪಿ ಸುತ್ತಲೂ 5 ಮಿಲಿಸೆಕೆಂಡಿಗಿಂತ ಕಮ್ಮಿ, ಅಲ್ಲಿ 60ರ ಮೇಲೆ. ಸೆಲ್ಫ್ ಪೊಟೆನ್ಷಿಯಲ್ ಕೂಡ ಅಲ್ಲೇ ಮೈನಸ್ ಕಡೆ ನೂರಾರು ಮಿಲಿವೋಲ್ಟ್ ಕುಸೀತು. ಬರೀ ನೀರು ಅಥ್ವಾ ಜೇಡಿಮಣ್ಣು ಇಷ್ಟು ಮಾಡಲ್ಲ.

ಮ್ಯಾಗ್ನೆಟಿಕ್ ಸರ್ವೆಯನ್ನೂ ಮಾಡಿದ್ವಿ, ಡೋಲರೈಟ್ ಡೈಕ್ (ಬಿರುಕಲ್ಲಿ ಗೋಡೆಯಂಗೆ ನುಗ್ಗಿ ನಿಂತ ಕಪ್ಪು ಬಂಡೆ) ಎಲ್ಲಿದೆ ಅಂತ ನೋಡೋಕೆ, ನೀರು ಅದರ ಅಂಚಲ್ಲಿ ನಿಲ್ಲೋದು ಉಂಟು. ಕಾಡಂಚಲ್ಲಿ ಆನೆ ತಡೆಯೋಕೆ ಹಾಕಿದ ರೈಲ್ವೆ ಕಂಬಿ ಬ್ಯಾರಿಕೇಡ್ ಇದ್ದ ಕಡೆ ರೀಡಿಂಗ್ ಬಿಟ್ಟೇಬಿಟ್ವಿ, ಅಷ್ಟು ಕಬ್ಬಿಣದ ಪಕ್ಕ ಮ್ಯಾಗ್ನೆಟೋಮೀಟರ್ ಏನೂ ಹೇಳಲ್ಲ. ಏಜೆಂಟ್ ಈ ನಕ್ಷೆಯನ್ನೂ ಹೇಗೋ ನೋಡಿ "ಇಲ್ಲಿ ಮ್ಯಾಗ್ನೆಟಿಕ್ ಕಮ್ಮಿ, ಚಿನ್ನಕ್ಕೆ ಅಯಸ್ಕಾಂತ ಇಲ್ವಲ್ಲ, ಅದಕ್ಕೇ" ಅಂದ. ನಮ್ಮ ಕಡೆ ಭೂಮಿಯ ಕಾಂತಕ್ಷೇತ್ರ ಹೆಚ್ಚುಕಡಿಮೆ ಅಡ್ಡಡ್ಡ ಹೋಗುತ್ತೆ, ಸುಮಾರು 40 ಸಾವಿರ ನ್ಯಾನೋಟೆಸ್ಲಾ ಅಷ್ಟೆ. ಕೆನಡಾದಂಥ ದೇಶದಲ್ಲಿ ಮ್ಯಾಗ್ನೆಟೈಟ್ ಇರೋ ಬಂಡೆ ಮೇಲೆ ಏರಿಕೆ ಕಂಡ್ರೆ ಇಲ್ಲಿ ಅದೇ ಬಂಡೆ ಮೇಲೆ ಇಳಿಕೆ ಕಾಣೋದು. ಅಂದ್ರೆ ಆತ ಖಾಲಿ ಅಂದ್ಕೊಂಡ ಜಾಗದಲ್ಲೇ ಕಬ್ಬಿಣದ ಖನಿಜ ಜಾಸ್ತಿ ಇರೋ ಬಂಡೆ ಇತ್ತು.

ಈಗ ನಿಜವಾದ ಪ್ರಶ್ನೆ: ಪಟ್ಟಿ ಸಲ್ಫೈಡೋ ಗ್ರಾಫೈಟೋ? ರೆಸಿಸ್ಟಿವಿಟಿ, ಐಪಿ, ಎಸ್‌ಪಿ ಮೂರಕ್ಕೂ ಎರಡೂ ಒಂದೇ ಥರ ಕಾಣುತ್ತೆ. ಪ್ರಪಂಚದಾದ್ಯಂತ ತಾಮ್ರ ಸಿಗುತ್ತೆ ಅಂತ ಗ್ರಾಫೈಟಿಗೆ ಡ್ರಿಲ್ ಹೊಡೆದು ದುಡ್ಡು ಕಳ್ಕೊಂಡ ಕಂಪನಿಗಳು ಬೇಕಾದಷ್ಟು ಇವೆ. ಮಿಷನ್ನು ಇಲ್ಲಿಗೆ ಕೈಚೆಲ್ಲುತ್ತೆ, ಮುಂದೆ ಕಲ್ಲನ್ನೇ ಕೇಳ್ಬೇಕು.

ಮನೆಯವರು "ಕೊಡಗಲ್ಲಿ ಚಿನ್ನ ಇರೋಕೆ ಸಾಧ್ಯಾನೇ ಇಲ್ವಾ" ಅಂತ ಕೇಳಿದ್ರು. ನಾನು ಹಾಗೆ ಹೇಳಲಿಲ್ಲ. ಕರ್ನಾಟಕದ ದೊಡ್ಡ ಚಿನ್ನವೆಲ್ಲ ಕೋಲಾರ, ಹಟ್ಟಿ, ಗದಗದಂಥ ಹಳೇ ಲಾವಾದಿಂದಾದ ಹಸಿರುಗಪ್ಪು ಗ್ರೀನ್‌ಸ್ಟೋನ್ ಪಟ್ಟಿಗಳಲ್ಲಿ ಇದ್ದದ್ದು, ಕೋಲಾರದಲ್ಲಿ 3 ಕಿಲೋಮೀಟರಿಗಿಂತ ಆಳಕ್ಕೆ ಹೋಗಿ 2001ರ ಫೆಬ್ರವರಿಯಲ್ಲಿ ಮುಚ್ಚಿದ್ರು. ಕೊಡಗಿನ ಬಂಡೆ ಬೇರೆ, ಚಾರ್ನೋಕೈಟ್, ನೈಸ್ ಅನ್ನೋ ಗಟ್ಟಿ ಬಂಡೆಗಳು, 300 ಕೋಟಿ ವರ್ಷಕ್ಕಿಂತ ಹಳೇದು, ಭೂಮಿಯ ತುಂಬ ಆಳದಲ್ಲಿ ಬೆಂದು ಮೇಲೆ ಬಂದದ್ದು. ಆದ್ರೆ ಪಕ್ಕದ ವಯನಾಡು, ದೇವಾಲ ಕಡೆ ಇದೇ ಥರದ ಬೆಂದ ಬಂಡೆಯ ಬೆಣಚುಕಲ್ಲಿನ ಸಾಲಲ್ಲಿ ಚಿನ್ನ ಇದೆ, 1880ರ ಆಸುಪಾಸು ಲಂಡನ್ನಲ್ಲಿ ಹತ್ತಾರು ಕಂಪನಿ ಶೇರು ಮಾರಿ ಅಲ್ಲಿಗೆ ಮಿಷನ್ ಹೊತ್ತು ತಂದು, ನಾಲ್ಕೈದು ವರ್ಷದಲ್ಲಿ ಎಲ್ಲ ಮುಳುಗಿಹೋದ್ವು. ಚಿನ್ನ ಇತ್ತು, ಗಣಿ ನಡೆಸೋವಷ್ಟು ಇರಲಿಲ್ಲ. ಹಾಗಾಗಿ ಬಂಡೆಯ ಜಾತಿ ನೋಡಿಯೇ ಇಲ್ಲ ಅನ್ನೋದು ಪ್ರಾಮಾಣಿಕ ಉತ್ತರ ಆಗಲ್ಲ.

ಸರ್ವೆ ನಕ್ಷೆಯಲ್ಲಿ ಪಟ್ಟಿ ಯಾವ ದಿಕ್ಕಿಗೆ ಓಡುತ್ತೆ ಅಂತ ಗೆರೆ ಎಳೆದು, ಅದೇ ಗೆರೆ ತೋಟದಾಚೆ ಎಲ್ಲಿ ಸಿಗುತ್ತೆ ಅಂತ ನಡೀತಾ ಹೋದ್ವಿ. ಗುಡ್ಡದ ಆ ಕಡೆ ರಸ್ತೆ ಅಗಲ ಮಾಡಿದಾಗ ಕಡಿದ ದರೆ ಇತ್ತು. ಮಗಳೇ ಮೊದ್ಲು ನೋಡಿದ್ದು, "ಸರ್, ಇಲ್ಲಿ ಕಪ್ಪು ಮಣ್ಣು ಕೈಗೆ ಹತ್ತುತ್ತೆ" ಅಂದ್ರು. ಬೆರಳಲ್ಲಿ ಉಜ್ಜಿದ್ರೆ ಪೆನ್ಸಿಲ್ ಉಜ್ಜಿದಂಗೆ ಬೂದು ಬಣ್ಣ, ಜಾರುವ ನುಣುಪು. ಗ್ರಾಫೈಟ್ ಬೆರೆತ ನೈಸ್, ಒಂದೆರಡು ಅಡಿಯ ಪದರಗಳು, ನಕ್ಷೆಯ ಪಟ್ಟಿ ಯಾವ ಕಡೆಗೆ ವಾಲಿತ್ತೋ ಅದೇ ವಾಲು. ಮನೆಯ ಎಲೆಕ್ಟ್ರಿಷಿಯನ್ ಹತ್ರ ಇರೋ ಮಲ್ಟಿಮೀಟರ್ ಇಟ್ಟು ನೋಡಿದ್ವಿ, ಕಲ್ಲಿನ ಒಂದು ತುದಿಯಿಂದ ಇನ್ನೊಂದು ತುದಿಗೆ ಕರೆಂಟ್ ಹರೀತಿತ್ತು, ಪಕ್ಕದ ನೈಸ್ ಕಲ್ಲಲ್ಲಿ ಏನೂ ಇಲ್ಲ.

ಮನೆಯೊಳಗಿನ ಸಭೆ

ಇಷ್ಟಾದ್ರೂ ತಮ್ಮನ ಮಗ ಒಪ್ಪಲಿಲ್ಲ. "ಮೇಲೆ ಗ್ರಾಫೈಟ್ ಇರ್ಬೋದು ದೊಡ್ಡಪ್ಪ, ಅದರ ಕೆಳಗೆ ಏನಿದೆ ಅಂತ ಯಾರಿಗೆ ಗೊತ್ತು" ಅಂದ. ಅವನ ಪ್ರಶ್ನೆ ದಡ್ಡ ಪ್ರಶ್ನೆ ಅಲ್ಲ. ಅವನ ಕಾಫಿ ಪಾಲು ಚಿಕ್ಕದು, ಸಾಲ ಇತ್ತು, ಏಜೆಂಟ್ ಅವನಿಗೆ ಒಂದು ದಾರಿ ತೋರಿಸಿದ್ದ. ಇಂಥೋರನ್ನ ಎಲ್ಲರೆದುರು ಮುಖ ಮುರಿದ್ರೆ ಅವರು ರಾತ್ರೋರಾತ್ರಿ ಸಹಿ ಹಾಕಿ ಬರ್ತಾರೆ, ಇದನ್ನ ನಾನು ಬೇರೆ ಕಡೆ ನೋಡಿದೀನಿ.

ಮಾತು ತಿರುಗಿದ್ದು ಯಜಮಾನ್ರ ಅಕ್ಕನಿಂದ. ಅವರು ಅಷ್ಟು ಹೊತ್ತು ಸುಮ್ಮನೆ ಕೂತಿದ್ದೋರು ಹುಡುಗನನ್ನ ಕೇಳಿದ್ರು: "ಸಿಕ್ತು ಅಂತಲೇ ಇಟ್ಕೋ ಮಗಾ. ಸಿಕ್ಕಿದ ಮೇಲೆ ಈ ತೋಟ ನಮ್ಮ ಕೈಯಲ್ಲಿ ಇರ್ತದಾ?" ಯಾರೂ ಅದುವರೆಗೆ ಆ ಪ್ರಶ್ನೆ ಕೇಳಿರಲಿಲ್ಲ. ನಾನು ಗೊತ್ತಿದ್ದಷ್ಟು ಹೇಳಿದೆ: ಖನಿಜ ಸರ್ಕಾರದ್ದು, ಹರಾಜಲ್ಲಿ ಯಾವುದೋ ಕಂಪನಿ ಗೆಲ್ಲುತ್ತೆ, ಜಮೀನಿನವರಿಗೆ ಮೇಲ್ಮೈ ಪರಿಹಾರ ಸಿಗುತ್ತೆ, ಗಣಿ ಆದ ಜಾಗದಲ್ಲಿ ಕಾಫಿ ಇರಲ್ಲ. ಹುಡುಗ ಏಜೆಂಟಿಗೆ ಅಲ್ಲೇ ಫೋನ್ ಮಾಡಿ "ಲೀಸ್ ಹರಾಜಿಲ್ಲದೆ ನಮ್ಮ ಹೆಸರಿಗೆ ಹೇಗೆ ಮಾಡಿಸ್ತೀರಿ, ಯಾವ ನಿಯಮದಲ್ಲಿ, ಬರೆದು ಕಳಿಸಿ" ಅಂದ. ಬರವಣಿಗೆಯಲ್ಲಿ ಏನೂ ಬರಲಿಲ್ಲ.

ಅವನ ಪ್ರಶ್ನೆಗೆ ಉತ್ತರ ಕೊಡೋ ದಾರಿಯನ್ನೂ ಅವತ್ತೇ ಮಾತಾಡಿದ್ವಿ. ಬೋರ್‌ವೆಲ್ ಹೇಗಿದ್ರೂ ಬೇಕು. ಪಟ್ಟಿಯ ಅಂಚಲ್ಲಿ ಬಂಡೆ ಬಿರುಕು ಬಿಟ್ಟಿರೋ ಸಾಧ್ಯತೆ ಜಾಸ್ತಿ, ನೀರಿಗೂ ಅದು ಪರವಾಗಿಲ್ಲದ ಜಾಗ. ಅಲ್ಲೇ ಕೊರೆಸಿ, ಹೊರಬರೋ ಕಲ್ಲುಪುಡಿಯನ್ನ 10 ಅಡಿಗೊಂದು ಚೀಲ ತುಂಬಿಡೋದು. ಚೀಲ ಕಟ್ಟಿ ನಂಬರ್ ಹಾಕೋ ಕೆಲಸ ಆ ಹುಡುಗನಿಗೇ ಒಪ್ಪಿಸಿದ್ವಿ, ನಮ್ಮ ಮೇಲೆ ಅನುಮಾನ ಬರ್ಬಾರ್ದು ಅಂತ.

ಬೋರ್ ಲಾರಿ ಬಂತು, ಮೊದಲ 80 ಅಡಿ ಬರೀ ಕೆಮ್ಮಣ್ಣು, ಕೊಳೆತ ಕಲ್ಲು, ಕೇಸಿಂಗ್ ಇಳಿಸಿದ್ರು. ಆಮೇಲೆ ಬೂದು ನೈಸ್. 140 ಅಡಿ ಹತ್ರ ಪುಡಿ ಕಪ್ಪಾಗಿ ಕೈಗೆ ಹತ್ತೋಕೆ ಶುರುವಾಯ್ತು, ಸುಮಾರು 30 ಅಡಿ ಹಾಗೇ, ನಕ್ಷೆ ಹೇಳಿದ ಆಳಕ್ಕೆ ತೀರ ಹತ್ತಿರ. ಅದರ ಕೆಳಗೆ ಮತ್ತೆ ಬೂದು ನೈಸ್, 300 ಅಡಿವರೆಗೂ ಅದೇ. ಸ್ಯಾಂಪಲ್ ಲ್ಯಾಬಿಗೆ ಕಳಿಸುವಾಗ ಮಧ್ಯೆ ಏನೂ ಇಲ್ಲ ಅಂತ ಗೊತ್ತಿರೋ ಒಂದು ಪುಡಿ, ಎಷ್ಟು ಚಿನ್ನ ಇದೆ ಅಂತ ಪ್ರಮಾಣೀಕರಿಸಿದ ಒಂದು ಪುಡಿ, ಒಂದೇ ಚೀಲವನ್ನ ಎರಡು ಮಾಡಿ ಬೇರೆ ನಂಬರ್ ಹಾಕಿದ್ದು, ಇವನ್ನೂ ಸೇರಿಸಿದ್ವಿ. ಲ್ಯಾಬ್ ಸರಿಯಾಗಿ ಮಾಡಿದೆಯಾ ಅಂತ ತಿಳಿಯೋ ದಾರಿ ಅದೊಂದೇ. ಚಿನ್ನಕ್ಕೆ ಫೈರ್ ಅಸ್ಸೇ, ಅಂದ್ರೆ ಸೀಸದ ಆಕ್ಸೈಡ್ ಜೊತೆ ಕರಗಿಸಿ ಸೀಸದೊಳಗೆ ಚಿನ್ನ ಹಿಡಿದು ಅಳೆಯೋ ಹಳೇ, ಭರವಸೆಯ ವಿಧಾನ.

ಬಂದದ್ದು: ಚಿನ್ನ ಬಹುತೇಕ ಎಲ್ಲದರಲ್ಲೂ ಲ್ಯಾಬಿನ ಅಳತೆಯ ಮಿತಿಯಾದ 10 ಪಿಪಿಬಿಗಿಂತ ಕೆಳಗೆ, ಗ್ರಾಫೈಟ್ ಪದರದ ಒಂದರಲ್ಲಿ ಮಾತ್ರ ಸ್ವಲ್ಪ ಮೇಲೆ. ಟನ್ನಿಗೆ ಒಂದು ಗ್ರಾಂ ಅಂದ್ರೆ 1000 ಪಿಪಿಬಿ, ಗಣಿ ಮಾತಾಡೋಕೆ ಅಷ್ಟಾದ್ರೂ ಬೇಕು. ತಾಮ್ರ 100 ಪಿಪಿಎಂ ಒಳಗೆ, ಮಾಮೂಲಿ ಬಂಡೆಯದ್ದು. ಗ್ರಾಫೈಟ್ ಪದರದಲ್ಲಿ ಪೈರೈಟ್ ಇತ್ತು, ಬರೀ ಪೈರೈಟ್. ಹುಡುಗ ರಿಪೋರ್ಟನ್ನ ತಾನೇ ಓದಿ, ನಮ್ಮ ಪ್ರಮಾಣಿತ ಪುಡಿಯ ಸಂಖ್ಯೆ ಸರಿ ಬಂದಿದೆಯಾ ಅಂತ ನೋಡಿ, "ಸರಿ, ಇಲ್ಲ" ಅಂದ.

ಆಮೇಲೆ

ನೀರು ಎರಡಿಂಚು ಸಿಕ್ತು, ಆದ್ರೆ ಪೈರೈಟ್ ಕರಗಿದ ಕಬ್ಬಿಣ ಅದರಲ್ಲಿದೆ, ತೊಟ್ಟಿಯಲ್ಲಿ ಒಂದು ದಿನ ಬಿಟ್ರೆ ಕೆಂಪು ಗಷ್ಟು ಕೂರುತ್ತೆ, ಹಾಗೇ ಬಿಟ್ರೆ ಸ್ಪ್ರಿಂಕ್ಲರ್ ನಾಜಲ್ ಕಟ್ಕೊಳ್ಳುತ್ತೆ. ಈಗ ಕೆರೆಗೆ ಬಿಟ್ಟು, ತಿಳಿಯಾದ ಮೇಲೆ ಪಂಪ್ ಮಾಡ್ತಾರೆ. ಗ್ರಾಫೈಟ್ ಪಟ್ಟಿಯಲ್ಲೇ ಬೋರ್ ಹಾಕೋರು ಇದನ್ನ ಮೊದಲೇ ಲೆಕ್ಕಕ್ಕೆ ಇಟ್ಕೋಬೇಕು. ನಾನು ಮನೆಯವರಿಗೆ ಹೇಳಿದ್ದೆ, ಅವರು ಉತ್ತರವೂ ಬೇಕು ನೀರೂ ಬೇಕು ಅಂತ ತಿಳಿದೇ ಆ ಜಾಗ ಆರಿಸಿದ್ರು.

ಒಟ್ಟು ಖರ್ಚಲ್ಲಿ ಬೋರ್‌ವೆಲ್ ಬಿಟ್ರೆ ಉಳಿದದ್ದು ಏಜೆಂಟ್ ಕೇಳಿದ ಮುಂಗಡದ ಸಣ್ಣ ಪಾಲು. ಅಗ್ಗದ ಪರೀಕ್ಷೆ ಮೊದ್ಲು ಮಾಡಿದ್ದಕ್ಕೆ ಹೀಗಾಯ್ತು, ಟೈಲ್ಸಿಗೆ ತಿಕ್ಕೋದಕ್ಕೆ ದುಡ್ಡೇ ಇಲ್ಲ, ಆಗರಿನ ಮಣ್ಣಿಗೆ ಸ್ವಲ್ಪ, ಕೊರೆಯೋದು ಎಲ್ಲಕ್ಕಿಂತ ಕೊನೆಗೆ. ದೊಡ್ಡ ಶೋಧನಾ ತಂಡಗಳು ಕೂಡ ಕೆಲಸ ಮಾಡೋದು ಇದೇ ಕ್ರಮದಲ್ಲಿ, ಪ್ರತಿ ಹಂತದಲ್ಲೂ "ಇದು ಇಲ್ಲ ಅಂತ ಸಾಬೀತು ಮಾಡೋಕೆ ಕಮ್ಮಿ ಖರ್ಚಿನ ದಾರಿ ಯಾವುದು" ಅಂತ ಕೇಳ್ತಾ ಹೋಗ್ತಾರೆ. ತಮ್ಮ ಜಾಗದ ಬಂಡೆ ಯಾವುದು ಅಂತ ತಿಳಿಯೋಕೆ ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣೆಯ ಭೂಕೋಶ್ ಪೋರ್ಟಲ್ಲಲ್ಲಿ ನಕ್ಷೆ ಇದೆ, ಯಾರನ್ನೂ ಕರೆಸೋ ಮುಂಚೆ ಅದನ್ನ ತೆಗೆದು ನೋಡ್ಬೋದು.

ಈ ಮನೆಯವರಿಗೆ ಕೊನೆಗೆ ತಲೆಕೆಡಿಸಿದ್ದು ಮೇಲ್ಮಣ್ಣಿನ ತಾಮ್ರ. ಅಷ್ಟು ತಾಮ್ರ ಇದ್ರೆ ಮಣ್ಣಿನ ಎರೆಹುಳ, ಸೂಕ್ಷ್ಮಜೀವಿಗಳಿಗೆ ಒಳ್ಳೇದಲ್ಲ, ತೊಟ್ಟಿ ಇರೋದು ಕುಡಿಯೋ ನೀರಿನ ಹಳೇ ಬಾವಿ ಪಕ್ಕ. ಬಾವಿ ನೀರು ಪರೀಕ್ಷೆ ಮಾಡಿಸಿದ್ರು, ಸದ್ಯಕ್ಕೆ ಸರಿಯಾಗಿದೆ. ಮಿಶ್ರಣದ ತೊಟ್ಟಿಯನ್ನ ಬಾವಿಯಿಂದಲೂ ತೋಡಿನಿಂದಲೂ ದೂರ, ಕಾಫಿ ಒಣಗಿಸೋ ಕಣದ ಆಚೆ ಬದಿಗೆ ತೆಗೆದುಕೊಂಡು ಹೋಗಿ ಸಿಮೆಂಟ್ ನೆಲ, ಚೆಲ್ಲಿದ್ದು ಹಿಡಿಯೋಕೆ ಕಟ್ಟೆ ಮಾಡಿಸಿದಾರೆ. ಡ್ರಮ್ ತೊಳೆದ ನೀರನ್ನ ಅದೇ ಕಟ್ಟೆಯಲ್ಲಿ ಹಿಡಿದು ಮುಂದಿನ ಮಿಶ್ರಣಕ್ಕೆ ಬಳಸ್ತಾರೆ. ಹಳೇ ಜಾಗದ ಮಣ್ಣು, ಬಾವಿ ನೀರು ಎರಡನ್ನೂ ಪ್ರತಿ ಮಳೆಗಾಲ ಮುಗಿದ ಮೇಲೆ ಲ್ಯಾಬಿಗೆ ಕಳಿಸೋದು ಅಂತ ಆಗಿದೆ, ಚೀಲಕ್ಕೆ ನಂಬರ್ ಹಾಕೋದು ಈಗಲೂ ಆ ಹುಡುಗನದೇ ಕೆಲಸ.